ಮುಟ್ಟದ ಬೆಳ್ಳಿ

ಆ ಊರಿನಲ್ಲಿ ಕೈಯಿಂದ ಮುಟ್ಟದ್ದನ್ನು ಯಾರೂ "ಇದೆ" ಎನ್ನುವಂತಿರಲಿಲ್ಲ.

ಬೆಳಗಾದರೆ ಮೊದಲು ಹೊಸಿಲು ಮುಟ್ಟುತ್ತಿದ್ದರು, ಹೊಸಿಲು ಇದೆ ಎನ್ನುತ್ತಿದ್ದರು. ಗಡಿಗೆಯೊಳಗೆ ಬೆರಳದ್ದಿ, ನೀರು ಇದೆ ಎನ್ನುತ್ತಿದ್ದರು. ಮಲಗಿದ ಮಕ್ಕಳ ನೆತ್ತಿ ಸವರಿ, ಮಕ್ಕಳು ಇದ್ದಾರೆ ಎನ್ನುತ್ತಿದ್ದರು. ಚಂದ್ರ ಕಾಣುತ್ತಾನೆ ಎನ್ನುತ್ತಿದ್ದರೇ ಹೊರತು ಚಂದ್ರ ಇದ್ದಾನೆ ಎನ್ನುತ್ತಿರಲಿಲ್ಲ. ಪರಸ್ಥಳಕ್ಕೆ ಹೋದ ಮಗನ ಮಾತು ಬಂದರೆ ತಾಯಿ "ಇಲ್ಲ" ಎನ್ನುತ್ತಿದ್ದಳು. ಅವನು ತಿರುಗಿ ಬಂದ ದಿನ ಕೆನ್ನೆ ಮುಟ್ಟಿ "ಇದ್ದಾನೆ" ಎನ್ನುತ್ತಿದ್ದಳು. ನಡುವಿನ ಕಾಲಕ್ಕೆ ಅವರ ಬಳಿ ಮಾತಿರಲಿಲ್ಲ.

ಈ ಕಟ್ಟಳೆ ಹೇಗೆ ಬಂತು ಎಂದು ಕೇಳಿದರೆ ಒಂದೇ ಉತ್ತರ. ಹಿಂದೆ ಯಾರೋ ಒಬ್ಬ ಆಚೆ ಬೆಟ್ಟದಲ್ಲಿ ಬೆಳ್ಳಿ ಇದೆ ಎಂದನಂತೆ. ಅವನು ಮುಟ್ಟಿರಲಿಲ್ಲವಂತೆ. ಅವನ ಮಾತು ಕೇಳಿ ಹೋದವರು ತಿರುಗಿ ಬರಲಿಲ್ಲವಂತೆ. ಅಂದಿನಿಂದ ನಾಲಿಗೆಗಿಂತ ಮುಂಚೆ ಕೈ ಹೋಗಬೇಕು.

ಎಲ್ಲವನ್ನೂ ಎಲ್ಲರೂ ಮುಟ್ಟಲಾಗದು. ಆದ್ದರಿಂದ ಊರಿಗೊಬ್ಬ ಕೈಹಿರಿಯನಿದ್ದ. ಊರಿನ ಪರವಾಗಿ ಮುಟ್ಟುವುದು ಅವನ ಕೆಲಸ. ಕಣಜದ ತಳದ ಕಾಳು, ಗುಡಿಯೊಳಗಿನ ಕಲ್ಲು, ಸತ್ತವನ ಎದೆ, ಇವನ್ನೆಲ್ಲ ಅವನು ಮುಟ್ಟಿ ಇದೆ ಅಥವಾ ಇಲ್ಲ ಎನ್ನುತ್ತಿದ್ದ. ಅವನು ಕೆಟ್ಟವನಲ್ಲ. ಸುಳ್ಳು ಹೇಳಿದವನೂ ಅಲ್ಲ. ಅವನ ಅಂಗೈ ಸವೆದು ನುಣುಪಾಗಿತ್ತು.

ಊರು ಬದುಕುತ್ತಿದ್ದದ್ದು ಅಡಿಯಲ್ಲಿದ್ದ ಬೆಳ್ಳಿಯಿಂದ. ಬೆಳ್ಳಿ ಬೆಣಚುಕಲ್ಲಿನ ಎಳೆಯೊಂದರೊಳಗೆ ಸೇರಿ, ಗೋಡೆಗೆ ಒರಗಿಸಿದ ಹಲಗೆಯಂತೆ ಓರೆಯಾಗಿ ನೆಲದೊಳಕ್ಕೆ ಇಳಿದಿತ್ತು. ಗಂಡಸರು ಅದರ ಬೆನ್ನು ಹಿಡಿದು ಇಳಿದು ಕಡಿಯುತ್ತಿದ್ದರು. ಹೆಂಗಸರು ಮೇಲೆ ಕೂತು ಕಡಿದದ್ದನ್ನು ಒಡೆದು ಆರಿಸುತ್ತಿದ್ದರು. ಬೆಳ್ಳಿಯಿದ್ದ ಕಲ್ಲು ಕುಲುಮೆಗೆ, ಇಲ್ಲದ ಕಲ್ಲು ಗುಡ್ಡೆಗೆ. ಗುಡ್ಡೆ ಬೆಳೆದು ಬೆಳೆದು ಊರಿಗಿಂತ ಎತ್ತರವಾಗಿತ್ತು.

ಒಂದು ದಿನ ಗಂಡಸರ ಗುದ್ದಲಿ ಮೆತ್ತಗೆ ಹೂತುಕೊಂಡಿತು. ಎದುರಿಗೆ ಬೂದು ಬಣ್ಣದ ಜೇಡಿಯ ಗೋಡೆ. ಬೆಳ್ಳಿಯ ಎಳೆ ಆ ಗೋಡೆಯವರೆಗೆ ಬಂದು, ಕತ್ತಿಯಲ್ಲಿ ಕಡಿದ ಹಾಗೆ ನಿಂತುಬಿಟ್ಟಿತ್ತು. ಗೋಡೆ ತೂತು ಮಾಡಿ ನೋಡಿದರು. ಹಿಂದೆ ಬರೀ ಕರಿಕಲ್ಲು. ಮೇಲೆ ಕೆರೆದರು, ಕೆಳಗೆ ಕೆರೆದರು. ಕೊನೆಗೆ ಕೈಹಿರಿಯ ಇಳಿದು ಬಂದು, ಗೋಡೆಯ ಮೇಲೆ ಅಂಗೈ ಇಟ್ಟು, ಬಹಳ ಹೊತ್ತು ನಿಂತಿದ್ದು ಹೇಳಿದ.

"ಬೆಳ್ಳಿ ಇಲ್ಲ."

ಆಮೇಲೆ ಊರು ಬಿಚ್ಚಿಕೊಳ್ಳತೊಡಗಿತು. ಕೆಲವರು ಹೆಂಚು ಇಳಿಸಿದರು, ಕೆಲವರು ಬಾಗಿಲು ಕಿತ್ತರು. ಅಣ್ಣ ಬಡಗಣ ದಾರಿ ಹಿಡಿಯುವುದು, ತಮ್ಮ ತೆಂಕಣ ದಾರಿ ಹಿಡಿಯುವುದು ಎಂದಾಯಿತು. ಅಳು ಕೇಳಿಸಲಿಲ್ಲ. ಆದರೆ ಅವರೆಲ್ಲರಿಗೂ ಗೊತ್ತಿತ್ತು: ಚದುರಿದ ಮೇಲೆ ಯಾರೂ ಯಾರನ್ನೂ ಮುಟ್ಟಲಾರರು. ಗಾಡಿ ತಿರುವಿನಲ್ಲಿ ಮರೆಯಾದ ಕೂಡಲೇ ಅಕ್ಕನಿಗೆ ತಂಗಿ ಇಲ್ಲ, ತಾಯಿಗೆ ಮಗಳು ಇಲ್ಲ. ಆದ್ದರಿಂದ ಆ ದಿನಗಳಲ್ಲಿ ಬೀದಿಯಲ್ಲಿ ಜನ ಸುಮ್ಮಸುಮ್ಮನೆ ಒಬ್ಬರ ತೋಳು ಇನ್ನೊಬ್ಬರು ಹಿಡಿದು ನಿಂತಿರುತ್ತಿದ್ದರು.

ಕಲ್ಲು ಆರಿಸುವ ಹೆಂಗಸರಲ್ಲಿ ಒಬ್ಬಳು ಸೊಸೆ ಇದ್ದಳು. ಬಾವಿ ತೋಡುವವರ ಮನೆಯಿಂದ ಆ ಊರಿಗೆ ಮದುವೆಯಾಗಿ ಬಂದವಳು. ಆ ಊರಿನಲ್ಲಿ ಜನರನ್ನು ಕರೆಯುತ್ತಿದ್ದದ್ದು ಸಂಬಂಧದಿಂದ, ಇಲ್ಲವೇ ಕೆಲಸದಿಂದ. ತೊಟ್ಟಿಲಲ್ಲಿ ಇಟ್ಟ ಹೆಸರು ತೊಟ್ಟಿಲಲ್ಲೇ ಉಳಿಯುತ್ತಿತ್ತು. ಹಾಗಾಗಿ ಅವಳು ಎಲ್ಲರಿಗೂ ಸೊಸೆ.

ಆರಿಸಲು ಹೊಸ ಕಲ್ಲು ಬರುವುದು ನಿಂತ ಮೇಲೂ ಅವಳು ಗುಡ್ಡೆಗೆ ಹೋಗುತ್ತಿದ್ದಳು. ಕೈ ಸುಮ್ಮನಿರದೆ ಗುಡ್ಡೆಯ ಬುಡ ಕೆದಕಿದಳು. ಆಗ ಒಂದು ವಿಚಾರ ಅವಳಿಗೆ ಹೊಳೆಯಿತು. ಗಣಿಯಿಂದ ಮೊದಲು ಬಂದ ಕಲ್ಲು ಗುಡ್ಡೆಯ ತಳದಲ್ಲಿದೆ, ಕೊನೆಗೆ ಬಂದದ್ದು ತುದಿಯಲ್ಲಿದೆ. ಅಂದರೆ ಗುಡ್ಡೆ ಎಂಬುದು ತಲೆಕೆಳಗಾಗಿ ನಿಂತ ಗಣಿ. ಬುಡದ ಕಲ್ಲು ನೋಡಿದರೆ, ಅಜ್ಜಂದಿರು ಮೊದಲ ಗುದ್ದಲಿ ಹಾಕಿದಾಗ ಏನು ಕಂಡರು ಎಂಬುದು ತಿಳಿಯುತ್ತದೆ.

ಬುಡದಲ್ಲಿ ಬೆಳ್ಳಿಯ ಸುಳಿವೇ ಇರಲಿಲ್ಲ. ಸುಣ್ಣದಂಥ ಬಿಳಿ ಮಣ್ಣಿತ್ತು. ಅಡುಗೆಮನೆಯ ಗೋಡೆಗೆ ಹಿಡಿದ ಮಸಿಯಂಥ ಕಪ್ಪು ಹತ್ತಿದ ಕಲ್ಲಿತ್ತು. ಒಂದು ಬಗೆಯ ಬೆಣಚುಕಲ್ಲಿತ್ತು. ಅದರೊಳಗೆ ತಗಡಿನಂಥ ತೆಳ್ಳನೆಯ ಹಲ್ಲೆಗಳು, ಗೊಂಚಲು ಕಟ್ಟಿ ಇಟ್ಟ ಚಾಕುಗಳ ಹಾಗೆ, ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಇವು ಮೂರೂ ಬರಡು ಕಲ್ಲುಗಳು. ಇವುಗಳ ಕೆಳಗೇ, ಬಹಳ ಕೆಳಗೆ, ಅಜ್ಜಂದಿರಿಗೆ ಬೆಳ್ಳಿ ಸಿಕ್ಕಿತ್ತು.

ಈ ಮೂರನ್ನೂ ಅವಳು ಇನ್ನೊಂದು ಕಡೆ ಕಂಡಿದ್ದಳು. ಹಳ್ಳದ ಆಚೆ, ಸೌದೆಗೆ ಹೋದಾಗ, ಹುಲ್ಲು ಹುಟ್ಟದ ಒಂದು ಉದ್ದನೆಯ ಪಟ್ಟಿಯಲ್ಲಿ. ಅಲ್ಲಿ ಯಾರೂ ತೋಡಿರಲಿಲ್ಲ. ಯಾಕೆಂದರೆ ಅಲ್ಲಿ ಬೆಳ್ಳಿಯನ್ನು ಯಾರೂ ಮುಟ್ಟಿರಲಿಲ್ಲ.

ಅವಳು ಎರಡೂ ಕಡೆಯ ಕಲ್ಲುಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಊರು ಸೇರಿದ್ದ ಕಟ್ಟೆಯ ಮುಂದೆ ಬಂದು ಸುರಿದಳು.

"ಅಯ್ಯ, ಬೆಳ್ಳಿ ಇದೆ," ಅಂದಳು.

ಕೈಹಿರಿಯ ಮೊದಲು ಅವಳ ಕೈ ನೋಡಿದ. "ಮುಟ್ಟಿದೆಯಾ ಮಗಳೇ?"

"ಇಲ್ಲ."

"ಮತ್ತೆ ಯಾರು ಮುಟ್ಟಿದರು?"

"ಯಾರೂ ಮುಟ್ಟಿಲ್ಲ ಅಯ್ಯ. ಆಳದಲ್ಲಿದೆ. ನಾನು ಮುಟ್ಟಿರೋದು ಅದರ ನೆತ್ತಿ ಮೇಲಿನ ಕಲ್ಲನ್ನ. ಈ ಗುಂಪು ನಮ್ಮ ಗುಡ್ಡೆಯ ಬುಡದ್ದು. ಈ ಗುಂಪು ಹಳ್ಳದ ಆಚೆಯದ್ದು. ಬೇರೆ ಮಾಡಿ ನೋಡೋಣ, ಆಗುತ್ತಾ?"

ಕೈಹಿರಿಯ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿದ. "ಈ ಕಲ್ಲು ಇದೆ. ಈ ಮಸಿ ಇದೆ. ಈ ಹಲ್ಲೆ ಇದೆ." ಮುಟ್ಟಿ ಮುಗಿಸಿ ಎರಡೂ ಅಂಗೈ ಎತ್ತಿ ತೋರಿಸಿದ. "ಬೆಳ್ಳಿ ಎಲ್ಲಿ?"

"ಅವು ಇರೋದರಿಂದ ಅದೂ ಇದೆ."

ಜನ ಅಲುಗಿದರು. ಅವಳ ಗಂಡ ಗುಂಪಿನಲ್ಲಿ ತಲೆ ತಗ್ಗಿಸಿದ. ಕೈಹಿರಿಯ ದನಿ ತಗ್ಗಿಸಿ, ಅವಳಿಗೆ ದಾರಿ ಬಿಡುವವನಂತೆ ಹೇಳಿದ. "ಬೆಳ್ಳಿ ಇದ್ದಿದ್ದರೆ ಚೆನ್ನಾಗಿತ್ತು ಅನ್ನು ತಾಯಿ. ಅದಕ್ಕೆ ಕಟ್ಟಳೆ ಅಡ್ಡ ಬರಲ್ಲ."

ಅವಳು ಯೋಚಿಸಿದಳು. "ಇದ್ದಿದ್ದರೆ ಚೆನ್ನಾಗಿತ್ತು ಅಂದರೆ ಯಾರು ಗುದ್ದಲಿ ಎತ್ತುತ್ತಾರೆ ಅಯ್ಯ? ಇದೆ ಅಂದರೇ ಎತ್ತೋದು. ಇದೆ."

ಮುಟ್ಟದ್ದನ್ನು ಇದೆ ಎಂದವರಿಗೆ ಆ ಊರಿನಲ್ಲಿ ಹೊಡೆತವಿಲ್ಲ, ಬೈಗುಳವಿಲ್ಲ. ಅವರನ್ನು ಮುಟ್ಟುವುದನ್ನು ನಿಲ್ಲಿಸುತ್ತಾರೆ, ಅಷ್ಟೇ. ಕೈಹಿರಿಯ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕಟ್ಟೆಯ ಸುತ್ತ ಎಲ್ಲರೂ ಹಾಗೆಯೇ ಮಾಡಿದರು. ಅತ್ತೆ ಮಾಡಿದಳು. ಗಂಡನೂ, ಎಲ್ಲರ ಕೊನೆಗೆ, ಮಾಡಿದ.

ಅವಳು ಇಲ್ಲವಾದಳು.

ಬೀದಿಯಲ್ಲಿ ಅವಳು ನಡೆದರೆ, ಎಲ್ಲಿ ತಗುಲಿಬಿಡುವಳೋ ಎಂದು ಜನ ಎರಡು ಬದಿಗೆ ಸರಿಯುತ್ತಿದ್ದರು. ಪಾಳೆಯಗಾರನಿಗೂ ಅಷ್ಟು ಅಗಲದ ದಾರಿ ಸಿಕ್ಕಿರಲಾರದು. ಮನೆಯಲ್ಲಿ ಅತ್ತೆ ಇದ್ದವರಿಗೆ ಮುದ್ದೆ ಮಾಡಿದಳು, ಇದ್ದವರಿಗೆ ಬಡಿಸಿದಳು. ಆಮೇಲೆ ಒಂದು ಮುದ್ದೆ ಮಿಕ್ಕಿತು ಎಂದು ತನಗೆ ತಾನೇ ಹೇಳಿಕೊಂಡು, ಒಲೆಯ ಪಕ್ಕ ಮುಚ್ಚಿಟ್ಟು ಎದ್ದು ಹೋದಳು. ಸೊಸೆ ಅದನ್ನು ಉಂಡಳು. ಗಂಡ ಅವಳತ್ತ ಬೆನ್ನು ಮಾಡಿ ಕೂತಿದ್ದ. ಅವಳು ಉಂಡು ಏಳುವವರೆಗೂ ತಿರುಗಲಿಲ್ಲ. ಮರುದಿನ ಅವಳು ಹಳ್ಳ ದಾಟಿದಳು.

ಹಳ್ಳದ ಆಚೆ ಅವಳಿಗಿಂತ ಮೊದಲು ಇಲ್ಲವಾದವರು ಕೆಲವರು ವಾಸವಾಗಿದ್ದರು. ನವಣೆ ಬೆಳೆಯುತ್ತಿದ್ದರು, ಕತ್ತಾಳೆ ನಾರು ಬಡಿದು ಹಗ್ಗ ಹೊಸೆಯುತ್ತಿದ್ದರು. ಹೊಸೆದ ಹಗ್ಗವನ್ನು ಹಳ್ಳದ ನಡುವಿನ ಬಂಡೆಯ ಮೇಲೆ ಇಟ್ಟು ಬರುತ್ತಿದ್ದರು. ಊರಿನವರು ಬಂದು "ಹಗ್ಗ ಇದೆ" ಎಂದು ಎತ್ತಿಕೊಂಡು, ಅದೇ ಜಾಗದಲ್ಲಿ ಉಪ್ಪೋ ಕಾಳೋ ಇಟ್ಟು ಹೋಗುತ್ತಿದ್ದರು. ಹಗ್ಗ ಯಾರು ಹೊಸೆದದ್ದು ಎಂಬ ಮಾತು ಎದ್ದದ್ದಿಲ್ಲ.

ಹಗ್ಗ ಹೊಸೆಯುತ್ತಿದ್ದ ಮುದುಕಿ ಬಂದವಳನ್ನು ನೋಡಿ, ನಾರು ಪಕ್ಕಕ್ಕಿಟ್ಟು ಕೇಳಿದಳು. "ನಿನ್ನ ಹೆಸರೇನವ್ವ?"

ಬಹಳ ವರ್ಷ ಯಾರೂ ಕೇಳದ ಪ್ರಶ್ನೆ. ಅವಳು ತಡೆದು ಹೇಳಿದಳು. "ಬೊಮ್ಮಕ್ಕ."

"ನಾನು ಸಾವಂತ್ರವ್ವ. ನನ್ನ ಮಗ ಬೆಟ್ಟ ದಾಟಿ ಹೋದ. ಇದ್ದಾನೆ ಅಂದೆ. ಇಲ್ಲಿಗೆ ಬಂದೆ. ಅಗೋ, ಅವನು ಭರಮಣ್ಣ. ಕುಲುಮೆ ಕೆಲಸದವನು. ಎದೆಯೊಳಗೆ ನೋವು ಇದೆ ಅಂದ. ಕೈಹಿರಿಯ ಎದೆ ಮುಟ್ಟಿ ನೋಡಿ, ಎದೆ ಇದೆ, ನೋವು ಇಲ್ಲ ಅಂದ. ಇವನು, ಇದೆ ಸ್ವಾಮಿ ಅಂದ. ನೀನು ಏನಂದೆ?"

"ಬೆಳ್ಳಿ ಇದೆ ಅಂದೆ."

"ಎಲ್ಲಿ?"

"ನಾವು ನಿಂತಿರೋ ನೆಲದ ಕೆಳಗೆ."

ಸಾವಂತ್ರವ್ವ ನೆಲ ನೋಡಿದಳು. ಭರಮಣ್ಣನನ್ನು ಕರೆದಳು. ತೋಡಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಲ್ಲದವರು ತೋಡಿದ ಬಾವಿಯೂ ಊರಿನ ಪಾಲಿಗೆ ಇಲ್ಲ. ಭರಮಣ್ಣ ಹಾರೆ, ಉಳಿ ಬಡಿದು ಕೊಟ್ಟ. ಬೊಮ್ಮಕ್ಕ ಬಿಳಿ ಪಟ್ಟಿಯುದ್ದಕ್ಕೂ ನಡೆದಾಡಿ, ಮಸಿ ಎಲ್ಲಕ್ಕಿಂತ ದಟ್ಟವಾಗಿದ್ದ ಕಡೆ, ಪಡುವಣ ತುದಿಯಲ್ಲಿ, ಗೆರೆ ಎಳೆದಳು. ತೋಡಿದರು. ಬೇಸಿಗೆಯೆಲ್ಲ ತೋಡಿದರು. ಬಿಳಿ ಮಣ್ಣು ಮುಗಿಯಿತು, ಮಸಿ ತೆಳುವಾಯಿತು, ಹಲ್ಲೆಗಲ್ಲು ಬರಲೇ ಇಲ್ಲ. ಒಂದು ದಿನ ಬಾವಿಯ ಗೋಡೆ ಜರಿದು ಭರಮಣ್ಣನ ಕಾಲ ಮೇಲೆ ಕಲ್ಲು ಬಿತ್ತು. ಎತ್ತಿ ತಂದು ಮಲಗಿಸಿದಾಗ ಪಾದ ಒಂದು ಬದಿಗೆ ತಿರುಗಿತ್ತು.

ಬೊಮ್ಮಕ್ಕ ಅವನ ಪಕ್ಕ ಕೂತಳು. "ನಾನು ಸರಿಯಾಗಿ ನೋಡಲಿಲ್ಲ ಭರಮಣ್ಣ. ಕಪ್ಪು ದಟ್ಟಗಿದ್ದ ಕಡೆ ಕಣ್ಣು ಹೋಯಿತು."

"ಬೆಳ್ಳಿ ಇಲ್ಲ ಅಂತೀಯಾ ಈಗ?"

"ಇಲ್ಲಿ ಇಲ್ಲ."

"ಮತ್ತೆ ಎಲ್ಲಿ?"

"ಗೊತ್ತಿಲ್ಲ. ನಮ್ಮ ಗಣಿಯ ಎಳೆ ಮುಗಿದದ್ದಲ್ಲ, ನೆಲ ಜಾರಿ ಆ ಜೇಡಿ ಗೋಡೆಯ ಹತ್ತಿರ ಮುರಿದದ್ದು. ಮುರಿದ ತುಂಡು ಯಾವ ಕಡೆ ಜಾರಿತು ಅಂತ ಗೊತ್ತಾಗಬೇಕು. ಅದು ಮುರಿದ ಜಾಗದಲ್ಲೇ ಗೊತ್ತಾಗಬೇಕು."

"ಹಾಗಾದರೆ ಅಲ್ಲಿಗೆ ಹೋಗು," ಎಂದು ಭರಮಣ್ಣ ಕಣ್ಣು ಮುಚ್ಚಿದ. "ಕಾಲು ನೋಯುತ್ತೆ. ಇದನ್ನಾದರೂ ನೀನು ನಂಬುತ್ತೀಯಲ್ಲ."

"ನಂಬುತ್ತೀನಿ," ಅಂದಳು ಬೊಮ್ಮಕ್ಕ. ಕಾಲನ್ನು ನೋಡಲಾಗದೆ ಎದ್ದುಹೋದಳು.

ಹಾಡುಹಗಲಲ್ಲೇ ಅವಳು ಹಳ್ಳ ದಾಟಿ, ಊರ ನಡುವೆ ಹಾದು, ಗಣಿಯ ಬಾಯಿಗೆ ಬಂದಳು. ಬಾಯಿಯಲ್ಲಿ ಕಾವಲುಗಾರ ಕೂತಿದ್ದ. ತಡೆಯಬೇಕಾದರೆ ಅವಳನ್ನು ಮುಟ್ಟಬೇಕು. ಬೇಡ ಎನ್ನಬೇಕಾದರೆ ಅವಳು ಇದ್ದಾಳೆ ಎಂದಾಗುತ್ತದೆ. ಅವನು ಆಕಾಶ ನೋಡಿದ. ಅವಳು ಒಳಗೆ ಇಳಿದಳು.

ಒಳಗೆ ಗಂಡಸರು ಉಳಿದ ಮರದ ಕಂಬಗಳನ್ನು ಬಿಚ್ಚಿ ಹೊರಗೆ ಸಾಗಿಸುತ್ತಿದ್ದರು. ಬಡಗಣ ದಾರಿಯ ಗಾಡಿಗಳಿಗೆ ಅಚ್ಚು ಬೇಕಿತ್ತು. ಎಲ್ಲಕ್ಕಿಂತ ಕೆಳಗೆ, ಜೇಡಿಯ ಗೋಡೆಯ ಹತ್ತಿರ, ಕೊನೆಯ ಕಂಬ ಬಿಚ್ಚುತ್ತಿದ್ದವನು ಅವಳ ಗಂಡ. ಸೊಡರು ಅವನ ಕಾಲ ಬಳಿ ಇತ್ತು. ಅವಳ ನೆರಳು ಬಿದ್ದಾಗ ಅವನ ಸುತ್ತಿಗೆ ನಿಂತಿತು.

ಅವಳು ಗೋಡೆಯ ಮೇಲಿನ ಸಡಿಲ ಜೇಡಿಯನ್ನು ಸೆರಗಿನಿಂದ ಒರೆಸಿದಳು. ಕೆಳಗೆ ಗಟ್ಟಿ ಮೈ ಕಂಡಿತು, ಉಜ್ಜಿ ಹೊಳಪಿಟ್ಟ ಹಾಗಿತ್ತು. ಅದರ ಮೇಲೆ ಗೀರುಗಳಿದ್ದಂತೆ ತೋರಿತು, ಆದರೆ ಕತ್ತಲಲ್ಲಿ ಅವು ಎತ್ತ ಓಡುತ್ತಿವೆ ಎಂಬುದು ಕಾಣುತ್ತಿರಲಿಲ್ಲ. ಅವಳು ಕಣ್ಣು ಕಿರಿದು ಮಾಡಿ ಬಗ್ಗಿದಳು.

ಆಗ ಬೆಳಕು ಮೇಲೆದ್ದಿತು. ಗಂಡ ಸೊಡರನ್ನು ಎತ್ತಿ ಹಿಡಿದಿದ್ದ. ಅವಳತ್ತ ನೋಡದೆ, ಗೋಡೆಯತ್ತಲೂ ನೋಡದೆ, ತನ್ನ ತೋಳು ದಣಿದು ಅಲ್ಲಿಗೆ ಹೋಯಿತು ಎಂಬಂತೆ ಹಿಡಿದು ನಿಂತಿದ್ದ.

ಗೀರುಗಳು ಓರೆಯಾಗಿ, ಮೂಡಣ ದಿಕ್ಕಿಗೆ ಇಳಿದಿದ್ದವು. ಅವಳು ಅಂಗೈ ಇಟ್ಟು ಗೀರಿನುದ್ದಕ್ಕೂ ಮೇಲಕ್ಕೆ ಸವರಿದಳು. ತರಚಿತು, ಸಣ್ಣ ಸಣ್ಣ ಮೆಟ್ಟಿಲಿಗೆ ಬೆರಳು ತಾಗಿ ತಡೆಯಿತು. ಕೆಳಕ್ಕೆ ಸವರಿದಳು. ಎಮ್ಮೆಯ ಮೈಯನ್ನು ಕೂದಲ ಹಾದಿಯಲ್ಲಿ ನೇವರಿಸಿದ ಹಾಗೆ ನುಣ್ಣಗೆ ಹೋಯಿತು. ಮುರಿದ ತುಂಡು ಅತ್ತ ಹೋಗಿದೆ. ಕೈ ಯಾವ ಕಡೆ ನುಣ್ಣಗೆ ಜಾರುತ್ತದೋ ಆ ಕಡೆಗೇ ಅದೂ ಜಾರಿದೆ, ಹೋಗುತ್ತಾ ಗೋಡೆಯನ್ನು ಉಜ್ಜಿಕೊಂಡು ಹೋಗಿದೆ. ಕೆಳಕ್ಕೆ, ಮೂಡಣಕ್ಕೆ. ಬಿಳಿ ಪಟ್ಟಿಯ ಇನ್ನೊಂದು ತುದಿಗೆ.

ಕೈಹಿರಿಯನೂ ಇದೇ ಗೋಡೆಯ ಮೇಲೆ ಇದೇ ರೀತಿ ಅಂಗೈ ಇಟ್ಟಿದ್ದ. ಅವನು ಕೈ ಇಟ್ಟಿದ್ದ, ಸವರಿರಲಿಲ್ಲ.

ಅವಳು ಮೇಲೇರಿ ಹೋದಳು. ಗಂಡ ಸೊಡರನ್ನು ಇಳಿಸಿದ ಸದ್ದು ಹಿಂದಿನಿಂದ ಕೇಳಿಸಿತು.

ಮೂಡಣ ತುದಿಯಲ್ಲಿ ಎರಡನೆಯ ಬಾವಿ ಶುರುವಾಯಿತು. ಮೊದಲ ಬಾವಿಗಿಂತ ಮಸಿ ಇಲ್ಲಿ ಪೇಲವ. ಹಲವರು ಗೊಣಗಿದರು. ಇಬ್ಬರು ನವಣೆ ಹೊಲಕ್ಕೆ ವಾಪಸು ಹೋದರು. ಉಳಿದವರು ತೋಡಿದರು. ಭರಮಣ್ಣ ಕುಂಟುತ್ತಾ ಬಂದು ಬಾವಿಯ ಬಾಯಿಗೆ ರಾಟೆ ಕೂರಿಸಿದ. ಸಾವಂತ್ರವ್ವ ಹಗ್ಗ ಹೊಸೆದಳು. ಬಾವಿ ಇಳಿದಷ್ಟೂ ಹಗ್ಗ ಉದ್ದವಾಗಬೇಕಿತ್ತು. ಅವಳ ಬೆರಳು ಒಡೆದು ನಾರಿಗೆ ಕೆಂಪು ಹತ್ತುತ್ತಿತ್ತು.

ಬಿಳಿ ಮಣ್ಣು ಬಂತು, ಮುಗಿಯಿತು. ಬರಡು ಬೆಣಚುಕಲ್ಲು ಬಂತು. ದಿನದಿಂದ ದಿನಕ್ಕೆ ಅದೇ ಬರಡು ಕಲ್ಲು. ಮಳೆಗಾಲ ಬಂದು ನೀರು ತುಂಬಿತು, ಮೊಗೆದು ಚೆಲ್ಲಿದರು. ಬಿಸಿಲು ಬಂತು, ತೋಡಿದರು.

ಒಂದು ಮಧ್ಯಾಹ್ನ ಬಾವಿಯ ಕಟ್ಟೆಯ ಮೇಲೆ ಅಂಬಲಿ ಕುಡಿಯುವಾಗ ಸಾವಂತ್ರವ್ವ ಕೇಳಿದಳು. "ನಿನಗೆ ಒಳಗೊಳಗೆ ಹೆದರಿಕೆ ಆಗಲ್ವಾ ಬೊಮ್ಮಕ್ಕ?"

"ಆಗುತ್ತೆ. ಕಲ್ಲು ಹೇಳಿದ್ದನ್ನ ನಾನು ತಪ್ಪು ತಿಳಿದಿರಬಹುದು. ಒಂದು ಸಲ ತಪ್ಪು ತಿಳಿದೂ ಆಗಿದೆ. ನಿನಗೆ ಆಗಿತ್ತಾ, ಮಗ ಇದ್ದಾನೆ ಅಂದಾಗ?"

"ಇಲ್ಲವಲ್ಲ."

"ನಿನಗೇನು ಗುರುತು ಸಿಕ್ಕಿತ್ತು?"

"ಗುರುತು ಯಾಕೆ ಬೇಕವ್ವ? ನನ್ನ ಮಗ."

ಬೊಮ್ಮಕ್ಕ ಅಂಬಲಿಯ ಬಟ್ಟಲನ್ನು ನೋಡುತ್ತಾ ಕೂತಳು. "ನಿನ್ನ 'ಇದ್ದಾನೆ' ಬೇರೆ, ನನ್ನ 'ಇದೆ' ಬೇರೆ. ನನ್ನದು ಸುಳ್ಳಾಗಬಹುದು. ಸುಳ್ಳಾದರೆ ನಾನು ಒಪ್ಪಿಕೋಬೇಕು."

"ಒಪ್ಪಿಕೋ. ಯಾರು ಬೇಡ ಅಂದರು? ಮೊದಲು ಕುಡಿ, ಆರಿ ಹೋಗುತ್ತೆ," ಅಂದಳು ಸಾವಂತ್ರವ್ವ.

ಮುಂದೊಂದು ದಿನ ಕೆಳಗಿನಿಂದ ಬಂದ ಬುಟ್ಟಿಯಲ್ಲಿ ಹಲ್ಲೆಗಲ್ಲು ಇತ್ತು. ಚಾಕುಗಳ ಗೊಂಚಲು. ಬೊಮ್ಮಕ್ಕ ಅದನ್ನು ಕೈಯಲ್ಲಿ ಹಿಡಿದು ನಕ್ಕಳೆಂದು ಹೇಳುತ್ತಾರೆ. ನೆಲದೊಳಗಿನ ನೀರು ಕುದಿದ ಕಡೆ ಈ ಹಲ್ಲೆ ಕಟ್ಟುತ್ತದೆ, ಕುದಿದ ಜಾಗದ ಕೆಳಗೆ ನೀರು ತಾನು ಹೊತ್ತು ತಂದ ಬೆಳ್ಳಿಯನ್ನು ಇಳಿಸಿರುತ್ತದೆ ಎಂದು ಅವಳು ಎಲ್ಲರಿಗೂ ವಿವರಿಸಿದಳು. ಅರ್ಧ ಜನಕ್ಕೆ ಅರ್ಥವಾಯಿತು. ಎಲ್ಲರೂ ಹಾರೆ ಹಿಡಿದರು.

ಬೆಳ್ಳಿ ಬೆಳ್ಳಗಿರಲಿಲ್ಲ. ಕಪ್ಪಗೆ, ಮಂಕಾಗಿ, ಮೆತ್ತಗೆ, ಬೆಣಚುಕಲ್ಲಿನ ನಡುವೆ ಮಡಿಕೆ ಮಡಿಕೆಯಾಗಿ ಕೂತಿತ್ತು. ಮೊದಲು ಯಾರಿಗೂ ತಿಳಿಯಲಿಲ್ಲ. ಬೊಮ್ಮಕ್ಕ ಉಗುರಿನಿಂದ ಕೆರೆದಳು. ಕೆರೆದ ಗೆರೆ ಮಿಂಚಿತು. ಇನ್ನೊಂದು ಸಂದಿನಲ್ಲಿ, ಹೊಸದಾಗಿ ಮೊಳೆತ ಬೇರಿನಂತೆ, ಸುರುಳಿ ಸುರುಳಿಯಾಗಿ ಬೆಳ್ಳಿಯ ಎಳೆಗಳೇ ಇದ್ದವು. ಅವಳು ಅವನ್ನು ಮುಟ್ಟಿದಳು.

ಒಂದು ಉಂಡೆ ಕಡಿದು ಹಳ್ಳದ ನಡುವಿನ ಬಂಡೆಯ ಮೇಲೆ ಇಟ್ಟರು. ಆ ಹೊತ್ತಿಗೆ ಊರಿನಲ್ಲಿ, ಮಳೆಗೆಂದು ತಡೆದು ನಿಂತಿದ್ದ ಗಾಡಿಗಳಿಗೆ ಎತ್ತು ಹೂಡುತ್ತಿದ್ದರು. ಹಗ್ಗಕ್ಕೆ ಬಂದವನು ಉಂಡೆ ಕಂಡು ಓಡಿದ. ಕೈಹಿರಿಯ ಬಂದ. ಉಂಡೆಯನ್ನು ಮುಟ್ಟಿ, ಕೆರೆದು, ತೂಗಿ ನೋಡಿದ.

"ಇದು ಇದೆ," ಅಂದ. ಆಚೆ ದಡ ನೋಡಿದ. ಆಚೆ ದಡದಲ್ಲಿ ಇಲ್ಲದವರು ಸಾಲಾಗಿ ನಿಂತಿದ್ದರು. "ಇದು ಬಂದ ಜಾಗ..." ಎಂದು ನಿಲ್ಲಿಸಿದ. ಆ ಮಾತನ್ನು ಮುಗಿಸಬೇಕಾದರೆ ಅವನು ಇಳಿದು ಮುಟ್ಟಿ ಬರಬೇಕಿತ್ತು. ಹಿಂದೆ ಊರೆಲ್ಲ ಗಾಡಿ ಬಿಟ್ಟು ಬಂದು ನಿಂತಿತ್ತು. ಅವನು ಪಂಚೆ ಎತ್ತಿಕಟ್ಟಿ ಹಳ್ಳ ದಾಟಿದ, ಊರೂ ಅವನ ಹಿಂದೆ ದಾಟಿತು.

ಬೊಮ್ಮಕ್ಕ ಅಷ್ಟರಲ್ಲಿ ಬಾವಿಯ ತಳದಲ್ಲಿದ್ದಳು, ಸೊಡರು ಹಿಡಿದು. ಮೇಲಿನಿಂದ ಇಳಿಯುತ್ತಿದ್ದ ಕೈಹಿರಿಯನ ಅಂಗಾಲು ಕಂಡಿತು. ಮುದುಕನ ಕಾಲು, ಹಗ್ಗಕ್ಕೆ ಸುತ್ತಿಕೊಂಡದ್ದು. ರಾಟೆ ಕಿರುಗುಟ್ಟುತ್ತಾ ಇಳಿಸಿತು. ಅವನು ನೆಲ ಮುಟ್ಟಿದ, ಸಾವರಿಸಿಕೊಂಡ, ಅವಳನ್ನು ದಾಟಿ ಗೋಡೆಗೆ ಹೋದ. ಕಪ್ಪು ಮಡಿಕೆಗಳನ್ನು ಮುಟ್ಟಿದ. ಬೇರಿನಂಥ ಎಳೆಗಳನ್ನು ಮುಟ್ಟಿದ. ಅಂಗೈಯನ್ನು ಎಳೆಯುದ್ದಕ್ಕೂ, ತೋಳು ಎಟುಕುವಷ್ಟು ದೂರ ಸವರಿದ.

"ಇದೆ," ಅಂದ. ಆಮೇಲೆ ಇನ್ನೂ ಮೆಲ್ಲಗೆ, "ಬಹಳ ಇದೆ," ಅಂದ.

ಬೊಮ್ಮಕ್ಕ ಹಗ್ಗದ ತುದಿಯನ್ನು ಅವನತ್ತ ಚಾಚಿದಳು. ಅವನು ತೆಗೆದುಕೊಂಡು ಸೊಂಟಕ್ಕೆ ಕಟ್ಟತೊಡಗಿದ. ಕಟ್ಟುತ್ತಿದ್ದ ಕೈ ನಿಂತಿತು. ತಲೆಯೆತ್ತಿ ಬಾವಿಯ ಬಾಯಿ ನೋಡಿದ. ಅಷ್ಟು ಆಳದಿಂದ ಅದು ಒಂದು ಬಟ್ಟಲಿನಷ್ಟು ಬೆಳಕು. ಅಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ.

"ಮೇಲೆ ಹಗ್ಗ ಹಿಡಿದವರು ಯಾರು?" ಎಂದು ಅವನು ಕೇಳಿದ. ಯಾರನ್ನು ಕೇಳಿದ ಎಂಬುದು ಅವನಿಗೇ ತಿಳಿದಂತಿರಲಿಲ್ಲ.

"ನೀನು ಮುಟ್ಟದವರು," ಅಂದಳು ಬೊಮ್ಮಕ್ಕ.

ಹಗ್ಗ ಅವರಿಬ್ಬರ ನಡುವೆ ಸಣ್ಣಗೆ ಓಲಾಡುತ್ತಿತ್ತು. ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಹಿರಿಯ ತನ್ನ ಅಂಗೈ ನೋಡಿಕೊಂಡ. ಅದು ಅಲ್ಲಿಂದ ಎಲ್ಲಿಗೂ ಎಟುಕದು.

"ಇದ್ದಾರೆ," ಅಂದ. ಗಂಟು ಬಿಗಿದು, ಕತ್ತೆತ್ತಿ, ದನಿ ಒಡೆಯುವಷ್ಟು ಜೋರಾಗಿ ಕೂಗಿದ. "ಇದ್ದೀರಾ?"

ಮೇಲಿನಿಂದ ತಡವಾಗಿ, ಹಲವು ದನಿ ಕೂಡಿ, ಉತ್ತರ ಇಳಿದು ಬಂತು.

"ಇದ್ದೀವಿ! ಹಗ್ಗ ಗಟ್ಟಿ ಹಿಡ್ಕೊಳ್ಳಿ!"

ಅವನು ಮೇಲೇರಿದ. ಬಾವಿಯ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಬೆಳ್ಳಿ ಇದೆ ಎಂದ. ಆಮೇಲೆ ಹಗ್ಗ ಹಿಡಿದಿದ್ದವರ ಸಾಲಿಗೆ ಹೋಗಿ ಒಬ್ಬೊಬ್ಬರ ತೋಳು ಮುಟ್ಟುತ್ತಾ ಬಂದ. ಭರಮಣ್ಣನ ಹತ್ತಿರ ಬಂದಾಗ ಅವನ ಎದೆಯ ಮೇಲೆ ಕೈಯಿಟ್ಟ, ಈ ಸಲ ನೋವು ಇಲ್ಲ ಎನ್ನಲಿಲ್ಲ. ಸಾವಂತ್ರವ್ವ ಮಾತ್ರ ತನ್ನ ಒಡೆದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನನ್ನ ಮಗನ್ನ ಮುಟ್ಟೋಕಾಗುತ್ತಾ ನಿನಗೆ?"

"ಆಗಲ್ಲ ತಾಯಿ."

"ಹಾಗಾದರೆ ನನ್ನನ್ನೂ ಮುಟ್ಟಬೇಡ. ನಾನು ಇಲ್ಲೇ ಚೆನ್ನಾಗಿದ್ದೀನಿ."

ಅವನು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆ ಪ್ರಶ್ನೆಗೆ ಆ ಊರು ಮುಂದೆಯೂ ಉತ್ತರ ಹುಡುಕುತ್ತಲೇ ಇತ್ತು. ಕಟ್ಟಳೆಯನ್ನು ಯಾರೂ ತೆಗೆದುಹಾಕಲಿಲ್ಲ. ಗಾಡಿಗಳಿಂದ ಎತ್ತು ಬಿಚ್ಚಿದರು, ಕಿತ್ತ ಬಾಗಿಲುಗಳನ್ನು ಮತ್ತೆ ಕೂರಿಸಿದರು. ಬೆಳಗಿನ ಹೊತ್ತು ಮುಟ್ಟುವುದು ನಡೆದೇ ಇತ್ತು. ಆದರೆ ಹೊರಗೆ ಹೋದವರ ಬಗ್ಗೆ ಕೇಳಿದರೆ ಕೆಲವು ತಾಯಂದಿರು ಇಲ್ಲ ಎನ್ನುವ ಮುಂಚೆ ಈಗ ಸ್ವಲ್ಪ ತಡೆಯುತ್ತಿದ್ದರು.

ಅಂದು ಎಲ್ಲರೂ ಕೈಹಿರಿಯನ ಸುತ್ತ ಸೇರಿದ್ದಾಗ, ತಳದಲ್ಲಿ ಬೊಮ್ಮಕ್ಕ ಸೊಡರು ಆರಿಸಿ ಕೂತಿದ್ದಳು. ಅವಳಿಗೆ ಅವಸರವಿರಲಿಲ್ಲ. ಹಗ್ಗ ಇಳಿದು ಬಂತು. ಕಟ್ಟಿಕೊಂಡಳು. ಎಳೆತ ನಿಧಾನವಾಗಿತ್ತು, ಹೆಚ್ಚು ಕೈಗಳ ಎಳೆತವಲ್ಲ. ಬಾಯಿಗೆ ಬಂದಾಗ ನೋಡಿದಳು: ರಾಟೆಯ ಹತ್ತಿರ ಒಬ್ಬನೇ ನಿಂತಿದ್ದ. ಗಂಡ. ಕೊರಳ ನರ ಉಬ್ಬಿತ್ತು. ಹಗ್ಗವನ್ನು ಗೂಟಕ್ಕೆ ಬಿಗಿದು, ಬಗ್ಗಿ, ಒಂದು ಕೈ ಚಾಚಿದ.

ಅವಳು ಕಟ್ಟೆಯ ಮರ ಹಿಡಿದು ನೇತಾಡುತ್ತಲೇ ಉಳಿದಳು. "ಅವತ್ತು ಕೈ ಹಿಂದಕ್ಕೆ ಕಟ್ಟಿದವರಲ್ಲಿ ನೀನೂ ಇದ್ದೆ."

"ಇದ್ದೆ."

"ಎಲ್ಲರಿಗಿಂತ ಕೊನೆಗೆ ಕಟ್ಟಿದೆ. ಆದರೂ ಕಟ್ಟಿದೆ."

"ಹೌದು," ಅಂದ. ಚಾಚಿದ ಕೈ ಹಾಗೇ ಇತ್ತು. ಬಿಸಿಲು ಅವನ ಕಣ್ಣಿಗೆ ಬೀಳುತ್ತಿತ್ತು, ಅವನು ರೆಪ್ಪೆ ಬಡಿಯಲಿಲ್ಲ.

ಅವಳು ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೆ ಕಪ್ಪು ರಾಡಿ.

"ಕೈಯೆಲ್ಲ ಕೆಸರು," ಅಂದಳು.

"ಇರಲಿ," ಅಂದ ಅವನು.

ಅವಳು ಕೈ ಕೊಟ್ಟಳು.